ಎಲೆ ಕೈಯಲ್ಲಿ, ಎದೆ ತಣ್ಣಗೆ!

ಪೋಕರ್ ಮೇಜಿನ ಮುಂದೆ ನಮ್ಮ ಸಿನಿಮಾ ಹೀರೋಗಳು ಬೆವರೋದೇ ಇಲ್ವಲ್ಲ, ಗುಟ್ಟೇನು?

ಸೀನು ನಿಮಗೆ ಗೊತ್ತಿರೋದೇ. ಹೊಗೆ ತುಂಬಿದ ಕೋಣೆ. ಮೇಜಿನ ಮೇಲೆ ತೂಗಾಡುವ ಒಂದೇ ಒಂದು ದೀಪ. ನಡುವೆ ನೋಟಿನ ರಾಶಿ. ಆ ಕಡೆ ವಿಲನ್, ಹಣೆ ತುಂಬ ಬೆವರು. ಈ ಕಡೆ ಹೀರೋ, ತುಟಿಯಂಚಿನಲ್ಲಿ ಸಣ್ಣ ನಗೆ. ನಿಧಾನವಾಗಿ ಒಂದೊಂದೇ ಎಲೆ ಮಗುಚುತ್ತಾನೆ. ಎಕ್ಕ... ಇನ್ನೊಂದು ಎಕ್ಕ... ಮತ್ತೊಂದು ಎಕ್ಕ! ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ!

ಎಷ್ಟು ಚಿತ್ರಗಳಲ್ಲಿ ಈ ಸೀನು ನೋಡಿದ್ದೀವೋ ಲೆಕ್ಕವಿಲ್ಲ. ಆದರೆ ಒಂದು ಪ್ರಶ್ನೆ. ಲಕ್ಷಾಂತರ ರೂಪಾಯಿ ಮುಂದಿಟ್ಟುಕೊಂಡು ಒಬ್ಬ ಮನುಷ್ಯ ನಿಜವಾಗಿಯೂ ಅಷ್ಟು ತಣ್ಣಗೆ ಕೂತಿರೋಕೆ ಆಗುತ್ತಾ? ಅಥವಾ ಅದೆಲ್ಲ ಡೈರೆಕ್ಟರು 'ಕಟ್' ಅನ್ನೋವರೆಗಿನ ಮ್ಯಾಜಿಕ್ಕಾ?

ಆಗುತ್ತೆ ಕಣ್ರೀ! ಆದರೆ ಸಿನಿಮಾದಲ್ಲಿ ತೋರಿಸೋ ಹಾಗಲ್ಲ. ಅದರ ಹಿಂದೆ ಒಂದು ವಿದ್ಯೆ ಇದೆ. ಆ ವಿದ್ಯೆ ಕಲಿತವರೂ ಇದ್ದಾರೆ, ಎಲೆಯೆಲ್ಲ ಕಲಿತು ಇದೊಂದನ್ನು ಕಲಿಯದೇ ಮಣ್ಣು ಮುಕ್ಕಿದವರೂ ಇದ್ದಾರೆ. ಇಬ್ಬರ ಕಥೆಯೂ ಇಲ್ಲಿದೆ, ಓದಿ.

ಆಟ ಏನು?

ನಮ್ಮ ಮೂರೆಲೆ ಆಟ ಗೊತ್ತಿದ್ದವರಿಗೆ ಪೋಕರ್ ದೂರದ ನೆಂಟ. ಅಲ್ಲಿ ಮೂರು ಎಲೆ, ಇಲ್ಲಿ ಐದು ಎಲೆಯ ಲೆಕ್ಕ. ಈಗ ಜಗತ್ತೆಲ್ಲ ಆಡುವ 'ಟೆಕ್ಸಾಸ್ ಹೋಲ್ಡೆಮ್' ಪದ್ಧತಿಯಲ್ಲಿ ಪ್ರತಿಯೊಬ್ಬನ ಕೈಗೂ ಗುಟ್ಟಾಗಿ ಎರಡೆರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಕಾಣುವ ಹಾಗೆ ಐದು ಎಲೆ. ಈ ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿಕೊಂಡವನು ಗೆದ್ದ. ಇಲ್ಲವೇ, ಎದುರಿಗಿದ್ದವರನ್ನೆಲ್ಲ ಹೆದರಿಸಿ ಪ್ಯಾಕ್ ಮಾಡಿಸಿದವನು ಗೆದ್ದ!

ಮಜಾ ಇರೋದು ಈ ಎರಡನೇ ದಾರಿಯಲ್ಲಿ. ಕೈಯಲ್ಲಿ ಏನೂ ಇಲ್ಲದಿದ್ದರೂ ಗೆಲ್ಲಬಹುದು. ಕೈಯಲ್ಲಿ ರಾಜ, ರಾಣಿ, ಗುಲಾಮ ಎಲ್ಲ ಇದ್ದೂ ಸೋಲಬಹುದು. ಆದ್ದರಿಂದ ಇಲ್ಲಿ ಎಲೆ ಎಷ್ಟು ಮುಖ್ಯವೋ ಎಲೆ ಹಿಡಿದವನ ತಲೆಯೂ ಅಷ್ಟೇ ಮುಖ್ಯ.

ಸಿನ್ಸಿನಾಟಿಯ ಹುಡುಗ

ಪೋಕರ್ ಚಿತ್ರ ಅಂದರೆ ಹಳೇ ಚಿತ್ರರಸಿಕರು ಮೊದಲು ಹೇಳುವ ಹೆಸರು 1965ರ 'ದಿ ಸಿನ್ಸಿನಾಟಿ ಕಿಡ್'. ನಿರ್ದೇಶನ ನಾರ್ಮನ್ ಜ್ಯೂವಿಸನ್. ನಾಯಕ ಸ್ಟೀವ್ ಮೆಕ್ವೀನ್, ಆ ಕಾಲದ ಹಾಲಿವುಡ್‌ನ ತಣ್ಣನೆ ಗಂಡು! ಎದುರಿಗೆ ಎಡ್ವರ್ಡ್ ಜಿ. ರಾಬಿನ್ಸನ್, ವಯಸ್ಸಾದ ಹುಲಿ.

ನ್ಯೂ ಆರ್ಲಿಯನ್ಸ್ ಊರಿನ ಒಂದು ಹೋಟೆಲ್ ಕೋಣೆ. ಹಳೇ ಹುಲಿಗೂ ಹೊಸ ಹುಡುಗನಿಗೂ ಜಿದ್ದಾಜಿದ್ದಿ. ಆಟ ಹಂಚುವವನು ಹುಡುಗನ ಪರವಾಗಿ ಕೈಚಳಕ ತೋರಿಸುತ್ತಾನೆ. ಹುಡುಗ ಅದನ್ನು ಕಂಡುಹಿಡಿದು, "ನಿನ್ನ ಸಹಾಯ ನನಗೆ ಬೇಡ" ಅನ್ನುವ ಧಾಟಿಯಲ್ಲಿ ತಡೆಯುತ್ತಾನೆ. ಅಷ್ಟು ನಂಬಿಕೆ ಅವನಿಗೆ ತನ್ನ ಮೇಲೆ.

ಕೊನೇ ಆಟ. ಹುಡುಗನ ಕೈಯಲ್ಲಿ ಎಕ್ಕ ಮತ್ತು ಹತ್ತುಗಳ ಫುಲ್ ಹೌಸ್. ಗೆದ್ದೇಬಿಟ್ಟ ಅಂದುಕೊಳ್ಳುವಷ್ಟರಲ್ಲಿ ಮುದುಕ ತನ್ನ ಬಚ್ಚಿಟ್ಟ ಎಲೆ ಮಗುಚುತ್ತಾನೆ. ಡೈಮನ್ ಗುಲಾಮ! ಎಂಟರಿಂದ ರಾಣಿಯವರೆಗೆ ಒಂದೇ ರಂಗಿನ ಸಾಲು. ಹುಡುಗ ಸೋತ! ಮೆಕ್ವೀನ್ ಮುಖದ ಮೇಲೆ ಆ ಕ್ಷಣ ಬಂದುಹೋಗುವ ನೆರಳು ನೋಡಬೇಕು ನೀವು. ಒಂದು ಮಾತಿಲ್ಲ, ಅಳುವಿಲ್ಲ.

ಲೆಕ್ಕ ಗೊತ್ತಿರುವವರು ಈ ಕೊನೇ ಆಟವನ್ನು ನೋಡಿ ನಗುತ್ತಾರೆ. ಐದು ಎಲೆಯಲ್ಲಿ ಫುಲ್ ಹೌಸ್ ಬೀಳುವುದು ಸುಮಾರು 694 ಸಲಕ್ಕೆ ಒಮ್ಮೆ. ಮುದುಕನಿಗೆ ಬಿದ್ದಂಥ ಸಾಲು ಬೀಳುವುದು 72 ಸಾವಿರ ಸಲಕ್ಕೆ ಒಮ್ಮೆ. ಎರಡೂ ಒಂದೇ ಆಟದಲ್ಲಿ, ಅದೂ ಇಬ್ಬರೇ ಇರುವಾಗ! ಜೀವಮಾನವಿಡೀ ಆಡಿದರೂ ಕಾಣಸಿಗದ ಸಂಗತಿ. ಸಿನಿಮಾ ಅಂದಮೇಲೆ ಅಷ್ಟೂ ಬೇಡವೇ? ಆದರೆ ಚಿತ್ರ ಹೇಳುವ ಮಾತು ಮಾತ್ರ ನಿಜ. ಚೆನ್ನಾಗಿ ಆಡಿಯೂ ಸೋಲಬಹುದು. ಆಮೇಲೆ ನೀನು ಹೇಗೆ ಎದ್ದು ಹೋಗ್ತೀಯ ಅನ್ನೋದೇ ಪ್ರಶ್ನೆ.

'ಟಿಲ್ಟ್' ಎಂಬ ದೆವ್ವ

ಪೋಕರ್ ಆಡುವವರ ಬಾಯಲ್ಲಿ ಒಂದು ಪದ ಓಡಾಡುತ್ತೆ: 'ಟಿಲ್ಟ್'. ಇದು ಬಂದದ್ದು ಹಳೇ ಪಿನ್‌ಬಾಲ್ ಯಂತ್ರದಿಂದ. ಗುಂಡು ತಪ್ಪಿಹೋಯಿತು ಅಂತ ಸಿಟ್ಟಿನಿಂದ ಆ ಯಂತ್ರವನ್ನು ಅಲ್ಲಾಡಿಸಿದರೆ 'ಟಿಲ್ಟ್' ಅಂತ ದೀಪ ಹತ್ತಿ ಆಟವೇ ನಿಂತುಬಿಡುತ್ತಿತ್ತು. ಮನುಷ್ಯನೂ ಹಾಗೇ. ಒಂದು ಆಟ ಸೋತ ಸಿಟ್ಟಿಗೆ ತಲೆ ಅಲ್ಲಾಡಿತು ಅಂದರೆ ಬುದ್ಧಿ ಅಲ್ಲಿಗೆ ನಿಂತಿತು. ಕೈ ಮಾತ್ರ ದುಡ್ಡು ಎಸೀತಾ ಇರುತ್ತೆ.

ನಮಗೆ ಇದೇನು ಹೊಸದೇ? ಧರ್ಮರಾಯನನ್ನು ನೆನೆಸಿಕೊಳ್ಳಿ. ಪಗಡೆ ಹಾಸಿನ ಮುಂದೆ ಸಂಪತ್ತು ಹೋಯಿತು, ರಾಜ್ಯ ಹೋಯಿತು, ತಮ್ಮಂದಿರು ಹೋದರು, ತಾನೂ ಹೋದ, ಕೊನೆಗೆ ದ್ರೌಪದಿಯನ್ನೂ ಒಡ್ಡಿದ. ಶಕುನಿಯ ಮೋಸ ಒಂದು ಕಡೆ ಇರಲಿ. 'ಇನ್ನೊಂದೇ ಆಟ, ಎಲ್ಲ ವಾಪಸ್ ಬರುತ್ತೆ' ಅನ್ನುವ ಆ ಹುಚ್ಚು ಇದೆಯಲ್ಲ, ಅದೇ ಟಿಲ್ಟ್! ಧರ್ಮಕ್ಕೆ ಹೆಸರಾದವನನ್ನೇ ಬಿಡದ ದೆವ್ವ ನಮ್ಮ ನಿಮ್ಮಂಥವರನ್ನು ಬಿಡುತ್ತಾ?

ಜೇಮ್ಸ್ ಬಾಂಡನನ್ನೂ ಬಿಟ್ಟಿಲ್ಲ. 2006ರ 'ಕ್ಯಾಸಿನೊ ರಾಯಲ್' ನೋಡಿದವರಿಗೆ ನೆನಪಿರುತ್ತೆ. ಇಯಾನ್ ಫ್ಲೆಮಿಂಗ್ 1953ರಲ್ಲಿ ಬರೆದ ಕಾದಂಬರಿಯಲ್ಲಿ ಆಟ ಬಾಕರಾ. ಚಿತ್ರದಲ್ಲಿ ಅದನ್ನು ಪೋಕರ್ ಮಾಡಿದರು. ವಿಲನ್ ಲ ಶಿಫ್ರ್ ಸುಳ್ಳು ಆಡುವಾಗ ಕೈ ಕಣ್ಣಿನ ಹತ್ತಿರ ಹೋಗುತ್ತೆ ಅಂತ ಬಾಂಡ್ ಕಂಡುಹಿಡಿಯುತ್ತಾನೆ. ಆದರೆ ವಿಲನ್ ಇನ್ನೂ ಜಾಣ. ಬೇಕೆಂದೇ ಅದೇ ಸನ್ನೆ ಮಾಡಿ ಬಾಂಡನ ಒಂದು ಕೋಟಿ ಡಾಲರನ್ನೂ ನುಂಗಿಬಿಡುತ್ತಾನೆ!

ಆಗ ನಮ್ಮ ಬಾಂಡ್ ಏನು ಮಾಡ್ತಾನೆ ಗೊತ್ತೇ? ಚಾಕು ಎತ್ತಿಕೊಂಡು ವಿಲನ್ನನ್ನು ಮುಗಿಸೋಕೆ ಹೊರಡ್ತಾನೆ. ಅಪ್ಪಟ ಟಿಲ್ಟ್! ಅಮೆರಿಕದ ಗೂಢಚಾರ ಲೈಟರ್ ತಡೆದು, ಇನ್ನಷ್ಟು ದುಡ್ಡು ಕೊಟ್ಟು, ಮತ್ತೆ ಮೇಜಿಗೆ ಕಳಿಸಿದ ಮೇಲೆ ತಾನೇ ಬಾಂಡ್ ಗೆದ್ದದ್ದು? ಆ ಚಾಕು ಕೈಯಲ್ಲೇ ಇದ್ದಿದ್ದರೆ ಚಿತ್ರ ಇಂಟರ್‌ವಲ್‌ಗೇ ಮುಗೀತಿತ್ತು. ಕೊನೇ ಆಟದ ಇಸ್ಪೀಟಿನ ನಾಲ್ಕರಿಂದ ಎಂಟರವರೆಗಿನ ಸಾಲು, ಮೇಜಿನ ಮೇಲಿನ 11.5 ಕೋಟಿ ಡಾಲರು, ಇವೆಲ್ಲ ಆಮೇಲಿನ ಮಾತು. ಮೊದಲು ಗೆದ್ದದ್ದು ಸಿಟ್ಟನ್ನು.

ಬಿಸ್ಕತ್ತು ಹೇಳಿದ ಗುಟ್ಟು

1998ರ 'ರೌಂಡರ್ಸ್' ಇನ್ನೊಂದು ಗಟ್ಟಿ ಚಿತ್ರ. ಮ್ಯಾಟ್ ಡೇಮನ್ ಲಾ ಕಾಲೇಜಿನ ಹುಡುಗ. ಮೊದಲ ರೀಲಿನಲ್ಲೇ ಕೂಡಿಟ್ಟ 30 ಸಾವಿರ ಡಾಲರನ್ನು ಒಂದೇ ಆಟದಲ್ಲಿ ಕಳೆದುಕೊಳ್ಳುತ್ತಾನೆ. ಗೆದ್ದವನು ಟೆಡ್ಡಿ ಕೆಜಿಬಿ ಅನ್ನೋ ರಷ್ಯನ್ ದಾದಾ. ಆ ಪಾತ್ರದಲ್ಲಿ ಜಾನ್ ಮಾಲ್ಕೊವಿಚ್ ಅಬ್ಬರಿಸಿದ್ದಾನೆ.

ಈ ದಾದಾನಿಗೆ ಓರಿಯೊ ಬಿಸ್ಕತ್ತಿನ ಚಟ. ಕ್ಲೈಮ್ಯಾಕ್ಸಿನಲ್ಲಿ ಹುಡುಗ ಗಮನಿಸುತ್ತಾನೆ: ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಬಿಡಿಸಿ ಬಾಯಿಗೆ ಹಾಕಿಕೊಂಡರೆ ದಾದಾನ ಕೈಯಲ್ಲಿ ಒಳ್ಳೇ ಎಲೆ ಇದೆ ಅಂತ ಅರ್ಥ! ಹುಡುಗ ಒಳ್ಳೇ ಎಲೆಯನ್ನೂ ಪ್ಯಾಕ್ ಮಾಡಿ ನಗುತ್ತಾನೆ. ದಾದಾನ ಪಿತ್ತ ನೆತ್ತಿಗೇರುತ್ತೆ. ಬಿಸ್ಕತ್ತಿನ ಟ್ರೇ ಹಾರುತ್ತೆ. ಅಲ್ಲಿಗೆ ಅವನ ಆಟ ಮುಗಿಯಿತು.

ಇದರಲ್ಲಿ ಎರಡು ಪಾಠ. ಮನಸ್ಸು ಆರಾಮಾಗಿದ್ದವನಿಗೆ ಮಾತ್ರ ಎದುರಿನವನ ಬಿಸ್ಕತ್ತು ಕಾಣುತ್ತೆ. ತನ್ನ ಎಲೆ, ತನ್ನ ದುಡ್ಡು, ತನ್ನ ಹೆದರಿಕೆ ಅಂತ ಒಳಗೇ ಒದ್ದಾಡುವವನಿಗೆ ಬಿಸ್ಕತ್ತೂ ಕಾಣಲ್ಲ, ಬೆಟ್ಟವೂ ಕಾಣಲ್ಲ. ಎರಡನೆಯದು, ತಲೆ ಕೆಟ್ಟವನು ಎಷ್ಟೇ ದೊಡ್ಡ ದಾದಾ ಆಗಿದ್ದರೂ ಹತ್ತೇ ನಿಮಿಷದಲ್ಲಿ ಬರಿಗೈ.

ಮುಖ ಅಲ್ಲ, ತೋಳು!

'ಪೋಕರ್ ಮುಖ' ಅಂತ ಮಾತೇ ಇದೆಯಲ್ಲ. ಕಲ್ಲಿನಂಥ ಮುಖ ಇಟ್ಟುಕೊಂಡರೆ ಸಾಕು ಅಂತ ಎಲ್ಲರ ನಂಬಿಕೆ. 2013ರಲ್ಲಿ ಮೈಕೆಲ್ ಸ್ಲೆಪಿಯನ್ ಎಂಬ ಮನಶ್ಶಾಸ್ತ್ರಜ್ಞನೂ ಸಂಗಡಿಗರೂ ಇದನ್ನು ಪರೀಕ್ಷೆಗೆ ಒಡ್ಡಿದರು. ಪೋಕರ್ ವಿಶ್ವ ಸರಣಿಯ ಆಟದ ತುಣುಕುಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿ, ಯಾರ ಎಲೆ ಒಳ್ಳೇದು ಹೇಳಿ ಅಂದರು. ಕೆಲವರಿಗೆ ಆಟಗಾರರ ಮುಖ ಮಾತ್ರ ಕಾಣುವ ತುಣುಕು. ಕೆಲವರಿಗೆ ಚಿಪ್ಸ್ ತಳ್ಳುವ ತೋಳು ಮಾತ್ರ.

ಮುಖ ನೋಡಿದವರು ದಾರಿ ತಪ್ಪಿದರು. ತೋಳು ನೋಡಿದವರು ಬರೀ ಅಂದಾಜಿಗಿಂತ ಚೆನ್ನಾಗಿ ಹೇಳಿದರು! ಒಳ್ಳೇ ಎಲೆ ಇದ್ದವನ ಕೈ ನಯವಾಗಿ, ತಡವರಿಸದೆ ಹೋಗುತ್ತಿತ್ತಂತೆ. ಅಂದರೆ ಏನಾಯ್ತು? ಮುಖಕ್ಕೆ ಬಣ್ಣ ಹಚ್ಚಿ ನಟಿಸಬಹುದು, ಮೈ ನಟಿಸೋದು ಕಷ್ಟ. ಮನಸ್ಸು ನಿಜವಾಗಿ ಆರಾಮಾದರೆ ಮಾತ್ರ ಮೈಯೂ ಆರಾಮಾಗುತ್ತೆ.

ಸೋಲೇ ಸಿನಿಮಾ ಆದವನು

ಈಗ ನಿಜ ಜೀವನದ ಇಬ್ಬರ ಕಥೆ. ಮೊದಲನೆಯವನು ಎರಿಕ್ ಸೈಡೆಲ್.

'ರೌಂಡರ್ಸ್' ಚಿತ್ರದಲ್ಲಿ ನಾಯಕ ಒಂದು ಹಳೇ ವಿಡಿಯೋ ಮತ್ತೆ ಮತ್ತೆ ನೋಡುತ್ತಾನೆ. ಅದು ನಟನೆಯಲ್ಲ, ನಿಜವಾದ ಆಟ. 1988ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ವಿಶ್ವ ಸರಣಿಯ ಫೈನಲ್. ಒಂದು ಕಡೆ ಹಿಂದಿನ ವರ್ಷದ ಚಾಂಪಿಯನ್ ಜಾನಿ ಚಾನ್, ಇನ್ನೊಂದು ಕಡೆ ಅಷ್ಟೇನೂ ಹೆಸರಿಲ್ಲದ ಎರಿಕ್ ಸೈಡೆಲ್. ಚಾನ್ ಕೈಯಲ್ಲಿ ಮೊದಲೇ ಎಂಟರಿಂದ ರಾಣಿಯವರೆಗೆ ಸಾಲು ಕೂಡಿಬಿಟ್ಟಿತ್ತು. ಆದರೂ ಏನೂ ಇಲ್ಲದವನ ಹಾಗೆ ಸೂರು ನೋಡುತ್ತಾ ಕೂತ. ಸೈಡೆಲ್ ತನ್ನ ರಾಣಿ ಜೋಡಿ ನಂಬಿ ಇದ್ದಬದ್ದದ್ದನ್ನೆಲ್ಲ ಮುಂದೆ ತಳ್ಳಿದ. ಮುಗೀತು!

ಆ ಒಂದು ಆಟ ಟೀವಿಯಲ್ಲಿ ಬಂತು. ಹತ್ತು ವರ್ಷದ ಮೇಲೆ ಸಿನಿಮಾದಲ್ಲೂ ಬಂತು. ಚಾನ್ ಚಿತ್ರದಲ್ಲಿ ಸ್ವತಃ ಮುಖ ತೋರಿಸಿದ. ಸೈಡೆಲ್‌ಗೆ ಸಿಕ್ಕಿದ್ದು ಇಡೀ ಜಗತ್ತಿನ ಮುಂದೆ ಸೋತವನ ಪಾತ್ರ. ಇನ್ನೊಬ್ಬನಾಗಿದ್ದರೆ ತಲೆ ಎತ್ತುತ್ತಿದ್ದನೇ?

ಸೈಡೆಲ್ ತಲೆ ಕೆಡಿಸಿಕೊಳ್ಳಲಿಲ್ಲ. 1992ರಲ್ಲಿ ವಿಶ್ವ ಸರಣಿಯ ಮೊದಲ ಚಿನ್ನದ ಕಂಕಣ ಗೆದ್ದ. 2010ರಲ್ಲಿ ಪೋಕರ್ ಕೀರ್ತಿಶಾಲಿಗಳ ಪಟ್ಟಿಗೆ ಸೇರಿದ. 2023ರಲ್ಲಿ ಹತ್ತನೇ ಕಂಕಣ! ಕಿರುಚಾಟವಿಲ್ಲ, ಎದೆ ಬಡಿದುಕೊಳ್ಳೋದಿಲ್ಲ.

ಮರಿಯಾ ಕೊನಿಕೊವಾ ಎಂಬ ಮನಶ್ಶಾಸ್ತ್ರ ಓದಿದ ಲೇಖಕಿ ಇವನ ಶಿಷ್ಯೆಯಾದಳು. ಆಗ ಆಕೆಗೆ ಒಂದು ಕಟ್ಟಿನಲ್ಲಿ ಎಷ್ಟು ಎಲೆ ಅಂತಲೂ ಗೊತ್ತಿರಲಿಲ್ಲ! ಗುರು ಹೇಳಿಕೊಟ್ಟದ್ದರಲ್ಲಿ ಮುಖ್ಯವಾದದ್ದು ಗಮನ ಕೊಡುವುದು. "ಅಯ್ಯೋ, ನನ್ನ ಕೈಯಲ್ಲಿ ಎರಡು ಎಕ್ಕ ಇತ್ತು, ಆದರೂ ಸೋತೆ" ಅಂತ ಗೋಳು ಹೇಳಿಕೊಳ್ಳೋಕೆ ಹೋದರೆ ಸೈಡೆಲ್ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಸೋತದ್ದು ಬಿಡು, ಆಗ ಯಾವ ಯೋಚನೆಯಿಂದ ಹಾಗೆ ಆಡಿದೆ, ಅದನ್ನು ಹೇಳು ಅನ್ನುವುದು ಅವನ ಕ್ರಮ. 2018ರ ಜನವರಿಯಲ್ಲಿ ಆ ಶಿಷ್ಯೆ ಒಂದು ದೊಡ್ಡ ಪಂದ್ಯವನ್ನೇ ಗೆದ್ದಳು. 2020ರಲ್ಲಿ 'ದಿ ಬಿಗ್ಗೆಸ್ಟ್ ಬ್ಲಫ್' ಎಂಬ ಪುಸ್ತಕ ಬರೆದಳು.

ಗುರು ಗೋಳು ಕೇಳದೇ ಇದ್ದದ್ದಕ್ಕೆ ಲೆಕ್ಕದ ಕಾರಣವಿದೆ. ಕೈಗೆ ಎರಡು ಎಕ್ಕ ಬರುವುದೇ 221 ಸಲಕ್ಕೆ ಒಮ್ಮೆ. ಎದುರಿನವನ ಕೈಯಲ್ಲಿ ಎರಡು ರಾಜ ಇದ್ದು, ಇಬ್ಬರೂ ಎಲ್ಲ ದುಡ್ಡು ಹಾಕಿದರು ಅನ್ನಿ. ಎಕ್ಕದವನು ಐದರಲ್ಲಿ ಸುಮಾರು ನಾಲ್ಕು ಸಲ ಗೆಲ್ತಾನೆ. ಐದನೇ ಸಲ? ಸೋಲ್ತಾನೆ! ಅದು ತಪ್ಪೂ ಅಲ್ಲ, ದೇವರ ಕೋಪವೂ ಅಲ್ಲ, ಬರೀ ಲೆಕ್ಕ. ಈ ಲೆಕ್ಕ ತಲೆಗೆ ಇಳಿದವನಿಗೆ ಅರ್ಧ ನೆಮ್ಮದಿ ಬಂದ ಹಾಗೆ.

ಬಲ್ಲವರು ಏನು ಮಾಡ್ತಾರೆ?

ಒಂದು: ಉಸಿರು. ಎದೆ ಡವಗುಟ್ಟಿದಾಗ ಉಸಿರು ಚಿಕ್ಕದಾಗುತ್ತೆ. ಆಗ ಮೂಗಿನಿಂದ ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಬೇಕು. ಉಸಿರು ಹೊರಗೆ ಬಿಡುವಾಗ ಗುಂಡಿಗೆಯ ಬಡಿತ ಇಳಿಯುತ್ತೆ. ಭುಜ ಬಿಗಿದಿದೆಯೇ, ಹಲ್ಲು ಕಚ್ಚಿದ್ದೀನಾ ಅಂತ ಆಗಾಗ ನೋಡಿಕೊಳ್ಳಬೇಕು. ಮೈ ಸಡಿಲವಾದರೆ ತಲೆಯೂ ಸಡಿಲ.

ಎರಡು: ಒಂದೇ ಚಾಳಿ. ಎಲೆ ಒಳ್ಳೇದಿರಲಿ ಕೆಟ್ಟದಿರಲಿ, ಅದನ್ನು ನೋಡೋದು, ಎಣಿಸೋದು, ಚಿಪ್ಸ್ ತಳ್ಳೋದು ಎಲ್ಲ ಒಂದೇ ವೇಗದಲ್ಲಿ. ಎದುರಿನವನಿಗೆ ಗುಟ್ಟು ಸಿಗಲ್ಲ, ನಮಗೂ ಯೋಚಿಸೋಕೆ ಹೊತ್ತು ಸಿಗುತ್ತೆ.

ಮೂರು: ಬಿಡೋದು ಕಲೀಬೇಕು. ಒಳ್ಳೇ ಆಟಗಾರ ಬಂದ ಎಲೆಗಳಲ್ಲಿ ಹೆಚ್ಚಿನವನ್ನು ಪ್ಯಾಕ್ ಮಾಡಿಬಿಡ್ತಾನೆ. ನಮ್ಮ ರಾಹುಲ್ ದ್ರಾವಿಡ್ ಆಫ್ ಸ್ಟಂಪಿನ ಆಚೆಯ ಚೆಂಡನ್ನು ಬಿಟ್ಟು ಬಿಟ್ಟು ಬೌಲರನ್ನು ಸುಸ್ತು ಮಾಡುತ್ತಿರಲಿಲ್ಲವೇ? ಅದೇ ಆಟ! ಪ್ಯಾಕ್ ಮಾಡಿದ ಮೇಲೂ ಕಣ್ಣು ಮೇಜಿನ ಮೇಲೇ. ಫೋನು ನೋಡುತ್ತಾ ಕೂತವನಿಗೆ ಯಾರ ಬಿಸ್ಕತ್ತೂ ಕಾಣಲ್ಲ.

ನಾಲ್ಕು: ಗುಂಡು ಬೇಡ. 1973ರ 'ದಿ ಸ್ಟಿಂಗ್' ಚಿತ್ರದಲ್ಲಿ ಪಾಲ್ ನ್ಯೂಮನ್ ರೈಲಿನ ಪೋಕರ್ ಆಟಕ್ಕೆ ಕುಡುಕನ ಹಾಗೆ ತೂರಾಡುತ್ತಾ ಬರ್ತಾನೆ. ಬರೀ ನಟನೆ! ಕುಡಿದ ಹಾಗೆ ನಟಿಸೋಕೆ ಎಷ್ಟು ಎಚ್ಚರ ಬೇಕು ಯೋಚಿಸಿ. ನಿದ್ದೆಗೆಟ್ಟವನೂ ಹಸಿದವನೂ ಅರ್ಧ ಕುಡಿದವನ ಸಮ.

ಐದು: ಏಳುವ ಗಳಿಗೆ. ಇಷ್ಟು ಹೋದರೆ ಎದ್ದೆ, ಇಷ್ಟು ಹೊತ್ತಾದರೆ ಎದ್ದೆ ಅಂತ ಕೂರುವ ಮೊದಲೇ ನಿರ್ಧಾರ. ಕೂತ ಮೇಲೆ ನಿರ್ಧರಿಸೋಕೆ ಹೋದರೆ ನಿರ್ಧರಿಸೋದು ನೀವಲ್ಲ, ಟಿಲ್ಟು!

ಇವೆಲ್ಲದಕ್ಕೂ ಬುನಾದಿ ಒಂದೇ. ಹೋದರೂ ಮನೆ ನಡೆಯುವ ದುಡ್ಡು ಮಾತ್ರ ಮೇಜಿನ ಮೇಲೆ. ತಂಗಿಯ ಕಾಲೇಜು ಫೀಸು ಮುಂದಿಟ್ಟುಕೊಂಡವನಿಗೆ ಯಾವ ಉಸಿರಾಟವೂ ನೆಮ್ಮದಿ ಕೊಡಲ್ಲ.

ಗೆದ್ದೂ ಸೋತವನು

ಎರಡನೆಯವನ ಹೆಸರು ಸ್ಟೂ ಉಂಗರ್. ನ್ಯೂಯಾರ್ಕಿನ ಹುಡುಗ. 'ದಿ ಕಿಡ್' ಅಂತಲೇ ಅಡ್ಡಹೆಸರು. ಮೊದಲು ಜಿನ್ ರಮ್ಮಿಯಲ್ಲಿ ಎಂಥಾ ಪ್ರಚಂಡ ಅಂದರೆ, ಅವನ ಜೊತೆ ಆಡೋಕೆ ಜನವೇ ಸಿಗದ ಹಾಗಾಯಿತು! ಪೋಕರ್‌ಗೆ ಬಂದ. 1980, 1981, ಎರಡು ವರ್ಷ ಸತತವಾಗಿ ವಿಶ್ವ ಚಾಂಪಿಯನ್.

ಮೇಜಿನ ಮುಂದೆ ಮಿಂಚು. ಮೇಜು ಬಿಟ್ಟರೆ ಬಿರುಗಾಳಿ. ಗೆದ್ದದ್ದೆಲ್ಲ ಕುದುರೆ ರೇಸಿಗೆ, ಆಟದ ಬೆಟ್ಟಿಂಗಿಗೆ, ಕೊಕೇನ್‌ಗೆ ಹೋಯಿತು. 1990ರ ವಿಶ್ವ ಸರಣಿಯ ಮೂರನೇ ದಿನ ಆಸಾಮಿ ಆಟಕ್ಕೇ ಬರಲಿಲ್ಲ. ಹೋಟೆಲ್ ಕೋಣೆಯಲ್ಲಿ ಮಾದಕ ವಸ್ತು ಸೇವಿಸಿ ಪ್ರಜ್ಞೆ ತಪ್ಪಿ ಬಿದ್ದಿದ್ದ! ಅಷ್ಟರಲ್ಲಿ ಗೆದ್ದಿಟ್ಟಿದ್ದ ಚಿಪ್ಸ್ ಎಷ್ಟಿತ್ತು ಅಂದರೆ, ಖಾಲಿ ಕುರ್ಚಿಯೇ ಆಡಿ ಒಂಬತ್ತನೇ ಸ್ಥಾನ ಗಳಿಸಿತು.

1997ರಲ್ಲಿ ಸ್ನೇಹಿತನೊಬ್ಬ 10 ಸಾವಿರ ಡಾಲರ್ ಪ್ರವೇಶ ಶುಲ್ಕ ಕಟ್ಟಿ ಕೂರಿಸಿದ. ಸೊರಗಿದ ಮೈ, ಕೊಕೇನ್‌ನಿಂದ ಹಾಳಾದ ಮೂಗು ಮರೆಮಾಚಲು ದುಂಡನೆಯ ನೀಲಿ ಕನ್ನಡಕ. ಮೂರನೇ ಸಲ ಚಾಂಪಿಯನ್! ಬಹುಮಾನ 10 ಲಕ್ಷ ಡಾಲರ್. ಸಿನಿಮಾ ಆಗಿದ್ದರೆ ಇಲ್ಲಿಗೆ 'ಶುಭಂ'.

ಆದರೆ ಜೀವನ ಇನ್ನೊಂದು ರೀಲು ಇಟ್ಟುಕೊಂಡಿತ್ತು. 1998ರ ನವೆಂಬರ್ 22ರಂದು ಲಾಸ್ ವೇಗಸ್‌ನ ಒಂದು ಅಗ್ಗದ ಮೋಟೆಲ್ ಕೋಣೆಯಲ್ಲಿ ಉಂಗರ್ ಸತ್ತುಬಿದ್ದಿದ್ದ. ವಯಸ್ಸು 45. ಅಂತ್ಯಕ್ರಿಯೆಗೆ ಗೆಳೆಯರು ಚಂದಾ ಎತ್ತಬೇಕಾಯಿತು. 2003ರಲ್ಲಿ ಅವನ ಬದುಕಿನ ಮೇಲೆ 'ಹೈ ರೋಲರ್' ಅಂತ ಚಿತ್ರವೂ ಬಂತು. ಎಲೆ ಓದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಅಂತ ಬಲ್ಲವರ ಮಾತು. ಎದ್ದು ಹೋಗುವ ಗಳಿಗೆ ಮಾತ್ರ ಅವನಿಗೆ ಯಾರೂ ಕಲಿಸಲಿಲ್ಲ.

ನಮ್ಮ ಕಡೆ?

ನಮ್ಮಲ್ಲಿ ದೀಪಾವಳಿ ರಾತ್ರಿಯ ಮೂರೆಲೆ, ಅರಳಿಕಟ್ಟೆಯ ಹಿಂದಿನ ಅಂದರ್ ಬಾಹರ್, ಪೊಲೀಸ್ ಜೀಪು ಬಂದಾಗ ಎದ್ದುಬಿದ್ದು ಓಡೋ ಸೀನು, ಇವೆಲ್ಲ ಗೊತ್ತಿರೋದೇ. ಅಂದರ್ ಬಾಹರ್‌ನಲ್ಲಿ ಜಾಣತನಕ್ಕೆ ಜಾಗವೇ ಇಲ್ಲ, ಎಲೆ ಬಿದ್ದ ಕಡೆ ಅದೃಷ್ಟ. ಪೋಕರ್ ಜಾಣತನದ ಆಟ ಅಂತ 2013ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಕ್ಲಬ್ಬುಗಳಿಗೆ ಅನುಕೂಲವಾದ ತೀರ್ಪೂ ಬಂದಿತ್ತು. ಆಮೇಲೆ ಫೋನಿನಲ್ಲೇ ಪೋಕರ್, ಫೋನಿನಲ್ಲೇ ರಮ್ಮಿ ಬಂತು. ಬಸ್ ಕಾಯುತ್ತಾ ನಿಂತ ಹುಡುಗನ ಸಂಬಳ ಬಸ್ ಬರೋದರೊಳಗೆ ಖಾಲಿ! 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಜಾಣತನದ ಆಟವೋ ಅದೃಷ್ಟದ ಆಟವೋ ಅಂತ ನೋಡದೆ, ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ತಂದಿತು.

ಇನ್ನೊಂದು ಲೆಕ್ಕವನ್ನೂ ನೆನಪಿಡಿ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಸಾಮಾನ್ಯ ಅಕೌಂಟೆಂಟು ಕಂಪ್ಯೂಟರಿನಲ್ಲಿ ಆಡಿ, ವಿಶ್ವ ಸರಣಿಗೆ ಆಯ್ಕೆಯಾಗಿ, 25 ಲಕ್ಷ ಡಾಲರ್ ಗೆದ್ದ. ಜಗತ್ತಿಗೇ ಹುಚ್ಚು ಹಿಡಿಯಿತು. ಅಂದು ಆಡಿದವರು 839 ಜನ. ಉಳಿದ 838 ಜನರಲ್ಲಿ ನಮಗೆ ಎಷ್ಟು ಜನರ ಹೆಸರು ಗೊತ್ತು?

ಅಂದಮೇಲೆ ಗೆಳೆಯರೇ, ಬೆಂಕಿಕಡ್ಡಿ ಇಟ್ಟು ಆಡಿ, ಹುಣಸೆ ಬೀಜ ಇಟ್ಟು ಆಡಿ, ಈ ತಣ್ಣನೆ ವಿದ್ಯೆ ಕಲಿಯೋಕೆ ಅಷ್ಟು ಸಾಕು. ಇಂಟರ್‌ವ್ಯೂ ಕೋಣೆಯ ಹೊರಗೆ ಎದೆ ಡವಗುಟ್ಟಿದಾಗ, ಜಗಳದಲ್ಲಿ ಕೈ ಮೇಲೇಳುವಾಗ, ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯೇ ಕೈಕೊಟ್ಟಾಗ ಇದೇ ಉಸಿರು, ಇದೇ ಗಮನ ಕೈ ಹಿಡಿಯುತ್ತೆ. ತೆರೆಯ ಮೇಲಿನ ಹೀರೋಗೆ ಎಕ್ಕ ಹಂಚೋಕೆ ಡೈರೆಕ್ಟರ್ ಇದ್ದಾನೆ. ನಮಗೆ ಬಿದ್ದ ಎಲೆಯನ್ನು ನಾವೇ ಆಡಬೇಕು, ಹೊತ್ತು ನೋಡಿ ನಾವೇ ಏಳಬೇಕು!